ಇಂಗ್ಲೀಷು ಪಾಠಕ್ಕೆ ಕನ್ನಡದ ಊರುಗೋಲು

ಕರ್ಣಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲೀಷನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸುವ ಏರ್ಪಾಡು 2007ರಲ್ಲಿ ಮೊದಲಾಯಿತು. ಈ ಏರ್ಪಾಡು ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತುವುದಿಲ್ಲ. ಕಲಿಸುವುದೇ ನಿಶ್ಚಯವಾದ ಮೇಲೆ ಹೇಗೆ ಕಲಿಸಬೇಕೆಂಬುದೇ ನಮ್ಮ ಪ್ರಶ್ನೆ. ಇಂಗ್ಲೀಷು ತರಗತಿಯಲ್ಲಿ ಕನ್ನಡದ ಸೊಲ್ಲೇ ಕೂಡದೆಂದು ವಾದಿಸುವ ಮಹನೀಯರುಂಟು. ಈ ವಾದವು ಮೊದಲ ಪಾಠದಲ್ಲಿಯೇ ಮುಗ್ಗರಿಸುತ್ತದೆಂಬುದು ನಮ್ಮ ಅಭಿಪ್ರಾಯ.

ಆ ಮೊದಲ ಪಾಠವಾದರೂ ಯಾವುದು? ವರ್ತಮಾನಕಾಲದಲ್ಲಿ ಇರುವಿಕೆಯನ್ನು ತಿಳಿಸುವ ‘ಆಮ್’, ‘ಈಸ್’, ‘ಆರ್’. ಒಡೆತನವನ್ನು ತಿಳಿಸುವ ‘ಹ್ಯಾವ್’, ‘ಹ್ಯಾಸ್’. ಐದೂ ಪುಟ್ಟ ಮಾತುಗಳೇ. ಆದರೆ ‘ಅವನು ವೈದ್ಯ’ ಎಂದೊಡನೆ ನಮ್ಮಲ್ಲಿ ವಾಕ್ಯವು ಪೂರ್ಣವಾಗುತ್ತದೆ; ಕ್ರಿಯಾಪದದ ಹಂಗಿಲ್ಲ. ಇಂಗ್ಲೀಷಿನಲ್ಲಿಯಾದರೋ ನಡುವೆ ‘ಈಸ್’ ಬಾರದಿದ್ದರೆ ವಾಕ್ಯವೇ ನಿಲ್ಲದು. ಮಗುವು ಅದನ್ನು ಬಿಟ್ಟರೆ ಅದು ಬುದ್ಧಿಮಾಂದ್ಯವಲ್ಲ. ತಾಯ್ನುಡಿಯ ನಿಯಮವನ್ನು ಪಾಲಿಸಿತು, ಅಷ್ಟೆ.

ಒಡೆತನದ ವಿಷಯದಲ್ಲಿ ಭೇದವು ಇನ್ನೂ ಸೂಕ್ಷ್ಮವಾದುದು. ‘ಹ್ಯಾವ್’ ಎಂಬುದಕ್ಕೆ ಸಮನಾದ ಕ್ರಿಯಾಪದವು ನಮ್ಮ ಆಡುನುಡಿಯಲ್ಲಿಲ್ಲ. ಚತುರ್ಥೀ ವಿಭಕ್ತಿಯೂ ‘ಇರು’ ಧಾತುವೂ ಕೂಡಿ ಆ ಕಾರ್ಯವನ್ನು ನಿರ್ವಹಿಸುತ್ತವೆ. ‘ಅವಳಿಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಕ್ರಿಯಾಪದವು ಮಕ್ಕಳನ್ನು ಅನುಸರಿಸುತ್ತದೆ. ‘ಶೀ ಹ್ಯಾಸ್ ಟೂ ಚಿಲ್ಡ್ರನ್’ ಎಂಬಲ್ಲಿ ತಾಯಿಯನ್ನು ಅನುಸರಿಸುತ್ತದೆ. ಮಕ್ಕಳು ಇಬ್ಬರೆಂದು ಹುಡುಗನು ‘ಹ್ಯಾವ್’ ಎಂದು ಬರೆದರೆ ಅವನ ತರ್ಕವು ಕನ್ನಡದ ತರ್ಕ. ಇನ್ನು ‘ನನಗೆ ಜ್ವರವಿದೆ’, ‘ನನಗೆ ಹಸಿವಾಗಿದೆ’, ‘ನನಗೆ ಹತ್ತು ವರ್ಷ’ ಎಂಬ ಮೂರು ವಾಕ್ಯಗಳನ್ನು ನೋಡಿರಿ. ನಮ್ಮಲ್ಲಿ ಮೂರಕ್ಕೂ ‘ನನಗೆ’ ಎಂಬ ಒಂದೇ ಬಾಗಿಲು. ಇಂಗ್ಲೀಷು ಜ್ವರಕ್ಕೆ ‘ಹ್ಯಾವ್’ ಎಂದು, ಹಸಿವಿಗೂ ವಯಸ್ಸಿಗೂ ‘ಆಮ್’ ಎಂದು ವಿಂಗಡಿಸುತ್ತದೆ. ಈ ಭೇದವನ್ನು ಕನ್ನಡದಲ್ಲಿ ಬಿಡಿಸಿ ಹೇಳದೆ ಬರಿಯ ಗಿಳಿಪಾಠದಿಂದ ಕಲಿಸುವುದು ಹೇಗೆ? ಪದವೀಧರರು ಸಹ ಕಚೇರಿಯ ಅರ್ಜಿಗಳಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಸನ್ಸ್’ ಎಂದು ಬರೆಯುವುದನ್ನು ಅಧಿಕಾರಿಗಳಾದ ವಾಚಕರು ಬಲ್ಲರು. ಅಡಿಗಲ್ಲು ಅಲುಗಿದ್ದರ ಫಲವದು.

ಸಂಸ್ಕೃತ ಬಲ್ಲವರಿಗೆ ಇದು ಹೊಸತೇನಲ್ಲ. ‘ಮಮ ಪುಸ್ತಕಮ್ ಅಸ್ತಿ’ ಎಂಬಲ್ಲಿಯೂ ಒಡೆತನಕ್ಕೆ ಬೇರೆ ಧಾತುವಿಲ್ಲ. ಇಂಗ್ಲೀಷಿನ ‘ಆಮ್’ ನಮ್ಮ ‘ಅಸ್ಮಿ’ಗೂ, ‘ಈಸ್’ ನಮ್ಮ ‘ಅಸ್ತಿ’ಗೂ ದಾಯಾದಿಗಳು. ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತಕ್ಕೂ ಗ್ರೀಕು ಲ್ಯಾಟಿನ್ನುಗಳಿಗೂ ಇರುವ ನಂಟನ್ನು ಸಾರಿದ್ದು ಭಾಷೆಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದ್ದರಿಂದಲೇ. ಜರ್ಮನಿಯ ಕಿಟ್ಟೆಲ್ ಪಂಡಿತರು 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣವನ್ನು ಇಂಗ್ಲೀಷಿನಲ್ಲಿಯೇ ಬರೆದರು. ಪರಕೀಯರು ಕನ್ನಡವನ್ನು ತಾವು ಬಲ್ಲ ನುಡಿಯ ಮೂಲಕ ಕಲಿಯಬಹುದಾದರೆ, ನಮ್ಮ ಮಕ್ಕಳು ಇಂಗ್ಲೀಷನ್ನು ಕನ್ನಡದ ಮೂಲಕ ಕಲಿಯುವುದು ಮಾತ್ರ ಅಪರಾಧವೆ?

ವಿದ್ಯಾ ಇಲಾಖೆಯವರಲ್ಲಿ ನಮ್ಮ ಬಿನ್ನಹವಿಷ್ಟೆ: ಪ್ರಥಮ ಪಾಠಗಳಲ್ಲಿ ಇಂಗ್ಲೀಷು ವಾಕ್ಯದ ಎದುರಿಗೆ ಕನ್ನಡ ವಾಕ್ಯವನ್ನೂ ಅಚ್ಚುಮಾಡಿಸಲಿ, ಎರಡರ ಭೇದವನ್ನು ತೋರಿಸುವ ಬಗೆಯನ್ನು ಉಪಾಧ್ಯಾಯರಿಗೆ ತರಬೇತಿಯಲ್ಲಿ ಕಲಿಸಲಿ. ಪರಭಾಷೆಯ ಮನೆಗೆ ಹೋಗುವ ದಾರಿಯು ಸ್ವಂತ ಮನೆಯ ಹೊಸ್ತಿಲಿನಿಂದಲೇ ಹೊರಡತಕ್ಕದ್ದು. ಆ ಹೊಸ್ತಿಲನ್ನು ಮುಚ್ಚಿ ಮಗುವನ್ನು ಬೀದಿಯಲ್ಲಿ ನಿಲ್ಲಿಸುವುದು ವಿದ್ಯಾದಾನವೆನಿಸದು.