ಮಿದುಳಿನ ಓದಿಗೂ ನಮ್ಮ ತೋಟಕ್ಕೂ ಏನು ಸಂಬಂಧ?



ಕೊಳೆರೋಗ, ಕಾಂಡಕೊರಕ, ಮಂಡಿ ಧಾರಣೆ ಇವಿಷ್ಟನ್ನು ಬಿಟ್ಟು ಬೇರೆ ವಿಷಯ ಬರೆದರೆ ನಮ್ಮ ಸಂಪಾದಕರು ಹುಬ್ಬೇರಿಸುತ್ತಾರೆಂದು ಬಲ್ಲೆ. ಆದರೂ ಈ ಸಲ ಬರೆಯದೆ ವಿಧಿಯಿಲ್ಲ. ನನ್ನ ದಾಯಾದಿಯೊಬ್ಬರ ಮಗಳು ಎರಡನೇ ಪಿ.ಯು.ಸಿ. ಮುಗಿಸಿದ್ದಾಳೆ. ಒಳ್ಳೆಯ ಅಂಕ ಬಂದಿದೆ. ಡಾಕ್ಟರಿಕೆ ಬೇಡ, ಬಿ.ಎಸ್ಸಿ. ಕೃಷಿಯೂ ಬೇಡ, ನರವಿಜ್ಞಾನ ಓದುತ್ತೇನೆ ಎಂದು ಕೂತಿದ್ದಾಳೆ. ಮೂರೆಕರೆ ಅಡಿಕೆ, ಒಂದೆಕರೆ ರೊಬಸ್ಟಾ ಇರುವ ಮನೆ. ಅಪ್ಪ ನನ್ನಲ್ಲಿಗೆ ಬಂದು, "ಅದು ಡಾಕ್ಟರ ಓದೋ, ಕಂಪೌಂಡರನ ಓದೋ, ನೀವೇ ಹೇಳಿ" ಎಂದರು. ನಾನೂ ಮೊದಲು ನಕ್ಕೆ. ಆಮೇಲೆ ಆ ಹುಡುಗಿಯನ್ನೇ ಕರೆದು ಕೇಳಿದೆ. ಅವಳು ಹೇಳಿದ್ದು ನಮ್ಮ ತೋಟದಲ್ಲೇ ನಡೆದ ಸಂಗತಿ.

ಕೆಲವು ವರ್ಷಗಳ ಹಿಂದೆ ಅವರ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಆಳೊಬ್ಬ ಕುಸಿದು ಬಿದ್ದಿದ್ದ. ಬೋರ್ಡೋ ಅಲ್ಲ, ಹುಳುವಿನ ಔಷಧಿ, ಆರ್ಗನೊಫಾಸ್ಫೇಟ್ ಗುಂಪಿನದು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಸೂಜಿಯ ಮೇಲೆ ಸೂಜಿ ಚುಚ್ಚಿದರು, ಬದುಕಿಕೊಂಡ. ನಾವೆಲ್ಲ ದೇವರು ದೊಡ್ಡವನು ಎಂದು ಸುಮ್ಮನಾದೆವು. ಆಗ ಏಳನೇ ತರಗತಿಯಲ್ಲಿದ್ದ ಈ ಹುಡುಗಿ ಮಾತ್ರ, ಹುಳುವನ್ನು ಕೊಲ್ಲುವುದು ಮನುಷ್ಯನ ಕಣ್ಣಿನ ಪಾಪೆಯನ್ನು ಯಾಕೆ ಕುಗ್ಗಿಸಬೇಕು ಎಂದು ತಲೆಗೆ ಹಚ್ಚಿಕೊಂಡಳಂತೆ.

ಉತ್ತರ ಇಷ್ಟು. ಒಂದು ನರವು ಮುಂದಿನ ನರಕ್ಕೋ ಸ್ನಾಯುವಿಗೋ ಸುದ್ದಿ ಮುಟ್ಟಿಸುವುದು ಬಹುತೇಕ ರಾಸಾಯನಿಕ ವಸ್ತುಗಳ ಮೂಲಕ. ಅವುಗಳಲ್ಲಿ ಮೊದಲು ಗೊತ್ತಾದದ್ದು ಅಸಿಟೈಲ್‌ಕೋಲೀನ್. 1921ರಲ್ಲಿ ಆಟೋ ಲೋವಿ ಎಂಬಾತ ಎರಡು ಕಪ್ಪೆಗಳ ಹೃದಯವನ್ನಿಟ್ಟುಕೊಂಡು ಇದನ್ನು ತೋರಿಸಿದ. ಒಂದು ಹೃದಯದ ನರವನ್ನು ಕೆಣಕಿ ಬಡಿತ ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದೂ ನಿಧಾನವಾಯಿತು. (ಪ್ರಯೋಗದ ಉಪಾಯ ಕನಸಿನಲ್ಲಿ ಹೊಳೆದು, ರಾತ್ರಿ ಗೀಚಿಟ್ಟದ್ದು ಬೆಳಿಗ್ಗೆ ತನಗೇ ಓದಲು ಬರಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ನಮ್ಮ ಸಂಘದ ಗುಮಾಸ್ತರ ಬರಹದಂತೆ!) 1936ರಲ್ಲಿ ಹೆನ್ರಿ ಡೇಲ್ ಜೊತೆಗೆ ನೊಬೆಲ್ ಬಂತು. ಕೆಲಸ ಮುಗಿದ ಅಸಿಟೈಲ್‌ಕೋಲೀನನ್ನು ಒಡೆದು ಹಾಕಲು ದೇಹದಲ್ಲಿ ಒಂದು ಕಿಣ್ವವಿದೆ. ನಮ್ಮ ಹುಳುವಿನ ಔಷಧಿ ಆ ಕಿಣ್ವದ ಕೈ ಕಟ್ಟುತ್ತದೆ. ಹುಳುವಿಗೂ ಅದೇ ಕಿಣ್ವ, ನಮಗೂ ಅದೇ. ಸುದ್ದಿ ನಿಲ್ಲದೆ ಹರಿದು ಹುಳು ಸಾಯುತ್ತದೆ, ಆಳು ಬೀಳುತ್ತಾನೆ. ಅಟ್ರೋಪಿನ್ ಆ ಸುದ್ದಿಯನ್ನು ಕೇಳುವ ಕಿವಿಗಳಲ್ಲಿ ಒಂದು ಜಾತಿಯದನ್ನು ಮುಚ್ಚುತ್ತದೆ.

ಇನ್ನು ಅಡಿಕೆ. ಅದರಲ್ಲಿರುವ ಅರೆಕೋಲಿನ್ ಈ ಅಸಿಟೈಲ್‌ಕೋಲೀನಿನ ವೇಷ ಹಾಕಿಕೊಂಡು ಅದೇ ಕಿವಿಗೆ ಕೂಗುತ್ತದೆ. ಅಭ್ಯಾಸವಿಲ್ಲದವರಿಗೆ ಅಡಿಕೆ ಸೊಕ್ಕಿದಾಗ ಬೆವರು, ಜೊಲ್ಲು, ತಲೆಸುತ್ತು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಫಿಯ ದಾರಿ ಬೇರೆ. ನಾವು ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಸೇರುತ್ತಾ ಹೋಗಿ ನಿದ್ದೆ ಎಳೆಯುತ್ತದೆ. ಕೆಫೀನ್ ಅದರ ಜಾಗದಲ್ಲಿ ತಾನು ಕೂತು ಬಾಗಿಲು ಹಾಕುತ್ತದೆ. ಅಂದರೆ ಬಂಧುಗಳೆ, ನಾವು ಎರಡು ಮೂರು ತಲೆಮಾರಿನಿಂದ ಬೆಳೆದು ಮಾರುತ್ತಿರುವುದು ಮಿದುಳಿನ ಮೇಲೆ ಕೆಲಸ ಮಾಡುವ ಎರಡು ವಸ್ತುಗಳನ್ನು. ಆ ಮಿದುಳನ್ನು ಓದುತ್ತೇನೆಂದರೆ ನಗುತ್ತೇವೆ!

1978ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಬಂತು. ಆರೋಗ್ಯವಂತರಿಗೆ ಅಲ್ಪ ಪ್ರಮಾಣದ ಅರೆಕೋಲಿನ್ ಕೊಟ್ಟಾಗ ಪದಗಳ ಸಾಲನ್ನು ಕಲಿಯುವ ಶಕ್ತಿ ಹೆಚ್ಚಿತೆಂದು ಅದರಲ್ಲಿತ್ತು. ಮುಂದೆ ಅರೆಕೋಲಿನ್ ಅಣುವಿನ ಚೌಕಟ್ಟನ್ನೇ ತಿದ್ದಿ ಝನೋಮೆಲೀನ್ ಎಂಬ ವಸ್ತುವನ್ನು ಮಾಡಿದರು. ಅದಕ್ಕೆ ಇನ್ನೊಂದು ಔಷಧಿ ಬೆರೆಸಿದ ಗುಳಿಗೆಗೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಸ್ಕಿಜೋಫ್ರೇನಿಯ ಎಂಬ ಮನೋರೋಗಕ್ಕೆ ಒಪ್ಪಿಗೆ ಕೊಟ್ಟಿತು. ಇದನ್ನು ಓದಿ ಯಾರೂ ಕವಳ ಹೆಚ್ಚಿಸಬೇಡಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಹೇಳಿದ್ದೂ ನಿಜ. ಆ ವಿಷಯ ಎದ್ದಾಗಲೆಲ್ಲ ನಾವು ಸಭೆ ಸೇರಿ ಘೋಷಣೆ ಕೂಗಿದ್ದೇವೆ, ನಾನೂ ಕೂಗಿದ್ದೇನೆ. ಆ ವರದಿಯನ್ನು ಕುಳಿತು ಓದಿ, ಇಂಥದ್ದು ಸರಿ, ಇಂಥದ್ದು ಅನುಮಾನ ಎಂದು ಬಿಡಿಸಿ ಹೇಳಬಲ್ಲ ಒಬ್ಬನೇ ಒಬ್ಬ ನಮ್ಮ ಮನೆಯ ಹುಡುಗ ಆ ಸಭೆಯಲ್ಲಿರಲಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಸೇರಿಸಿ ಎಂದು ನಾನು ಹೇಳುವವನಲ್ಲ. ನಮ್ಮ ನೆಂಟರೊಬ್ಬರು ಒಂದು ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆ ನೋಡಿ ಎರಡು ವರ್ಷದ ಚಾಲಿಯ ಹಣವನ್ನು ಇಂಥದೇ ಹೊಸ ಹೆಸರಿನ ಓದಿಗೆ ಕಟ್ಟಿದರು. ಪುಸ್ತಿಕೆಯಲ್ಲಿದ್ದ ಪ್ರಯೋಗಶಾಲೆಗೆ ಕೊನೆಯವರೆಗೂ ಬೀಗ ತೆಗೆಯಲಿಲ್ಲ. ಇನ್ನೊಂದು ಗೊಂದಲವೂ ಇದೆ. ನ್ಯೂರೋಸೈನ್ಸ್ ಟೆಕ್ನಾಲಜಿ ಎಂಬ ಬಿ.ಎಸ್ಸಿ. ನಮ್ಮ ರಾಜ್ಯದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಡಿ ಇದೆ. ಅದು ಆಸ್ಪತ್ರೆಯಲ್ಲಿ ಇ.ಇ.ಜಿ., ನರಗಳ ಪರೀಕ್ಷೆ ಮಾಡುವ ತಂತ್ರಜ್ಞರ ಓದು. ಮರ್ಯಾದೆಯ ಕೆಲಸ, ಬೇಗ ಸಂಬಳ. ಆದರೆ ಸಂಶೋಧಕರಾಗುವ ದಾರಿ ಅದಲ್ಲ. ಎರಡನ್ನೂ ಒಂದೇ ಎಂದು ತಿಳಿದು ಅರ್ಜಿ ಹಾಕಿದವರನ್ನು ನೋಡಿದ್ದೇನೆ.

ಸಂಶೋಧನೆಯೇ ಬೇಕೆಂದರೆ ಪದವಿಯ ಹೆಸರಿನಲ್ಲಿ 'ನರ' ಎಂಬ ಅಕ್ಷರ ಇರಲೇಬೇಕೆಂಬ ಹಟ ಬೇಡವೆಂಬುದು ನನ್ನ ಅಭಿಪ್ರಾಯ. ನೆನಪಿನ ಕುರಿತ ಕೆಲಸಕ್ಕೆ 2000ದಲ್ಲಿ ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್ ಪದವಿಯಲ್ಲಿ ಓದಿದ್ದು ಚರಿತ್ರೆ ಮತ್ತು ಸಾಹಿತ್ಯ. ನಮ್ಮವರೇ ಆದ ವಿ.ಎಸ್. ರಾಮಚಂದ್ರನ್ ಮದರಾಸಿನಲ್ಲಿ ಎಂ.ಬಿ.ಬಿ.ಎಸ್. ಮಾಡಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ನಡೆಯುತ್ತಿದೆ. ಜೀವಶಾಸ್ತ್ರ ಬೇಕೆಂದು ಬಂದವರೂ ಮೊದಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಲೇಬೇಕು. ಅದೇ ಆವರಣದಲ್ಲಿ ನರವಿಜ್ಞಾನ ಕೇಂದ್ರವಿದೆ, ಅದೇ ಊರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ಸೀಟು ಸಿಗುವುದು ಕಷ್ಟ. ಸಿಗದಿದ್ದರೆ ಒಳ್ಳೆಯ ಪ್ರಯೋಗಶಾಲೆಯಿರುವ ಹಳೆಯ ಕಾಲೇಜಿನ ಸಾದಾ ಬಿ.ಎಸ್ಸಿ. ಸಾಕು, ಗಣಿತ ಬಿಡಬಾರದು ಅಷ್ಟೆ. ನಾವು ಹುಡುಗಿಯರಿಗೆ "ಜೀವಶಾಸ್ತ್ರಕ್ಕೆ ಗಣಿತ ಯಾಕೆ" ಎಂದು ಬಿಡಿಸಿಬಿಡುತ್ತೇವೆ. ನರಕೋಶದ ಮಿಂಚನ್ನು 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ ಲೆಕ್ಕದ ಸಮೀಕರಣಗಳಲ್ಲೇ ಬರೆದಿಟ್ಟಿದ್ದು.

ಹಣದ ಮಾತು. ಪದವಿ ಮುಗಿದ ಕೂಡಲೆ ಕೆಲಸವಿಲ್ಲ, ಇದನ್ನು ಅಪ್ಪಂದಿರು ಮೊದಲೇ ತಿಳಿದಿರಬೇಕು. ಎಂ.ಎಸ್ಸಿ., ಆಮೇಲೆ ಐದಾರು ವರ್ಷದ ಪಿಎಚ್.ಡಿ. ಆದರೆ ರಾಷ್ಟ್ರೀಯ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಸೇರಿದವರಿಗೆ ಸರ್ಕಾರದ ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ. ಹಾಗಾಗಿ ಮನೆಯವರು ಹೊರಬೇಕಾದದ್ದು ಮೊದಲ ಐದಾರು ವರ್ಷ. ಅಷ್ಟಕ್ಕೆ ತೋಟ ಮಾರಬೇಕಿಲ್ಲ, ಅಡವಿಡಲೂ ಬಾರದು.

ನನ್ನ ನಿಜವಾದ ತಕರಾರು ನಮ್ಮ ಸಂಘದ ಮೇಲೆಯೇ. ಸದಸ್ಯರ ಮಕ್ಕಳಿಗೆ ಕೊಡುವ ವಿದ್ಯಾರ್ಥಿ ಸಹಾಯಧನದ ನಿಯಮದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಕೃಷಿ ಎಂದಷ್ಟೇ ಇದೆ. ಆ ಹುಡುಗಿಯ ಅರ್ಜಿಯನ್ನು ಕಚೇರಿಯಲ್ಲಿ ತೆಗೆದುಕೊಳ್ಳಲೇ ಇಲ್ಲ. ಅವರ ತಪ್ಪೂ ಅಲ್ಲ, ನಿಯಮ ಹಾಗಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ ಮಂಗನ ಕಾಯಿಲೆ ಕೆಲವರಲ್ಲಿ ಎರಡನೇ ಸಲ ಜ್ವರ ಮರುಕಳಿಸಿ ಮಿದುಳಿಗೇ ಏರುತ್ತದೆ. ಅದರ ಭಯದಲ್ಲಿ ಪ್ರತಿ ಬೇಸಿಗೆ ಸೊಪ್ಪಿಗೆ ಹೋಗುವ ಜನ ನಾವು. ನಮ್ಮ ನಿಯಮದಲ್ಲಿ 'ಮೂಲ ವಿಜ್ಞಾನ' ಎಂಬ ಎರಡು ಪದ ಸೇರಿಸಬೇಕೆಂದು ಮುಂದಿನ ಮಹಾಸಭೆಗೆ ಠರಾವು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅನುಮೋದಿಸಲು ಒಬ್ಬ ಸದಸ್ಯರ ಸಹಿ ಬೇಕಿದೆ. ಮಂಗಳವಾರ ಸಂತೆಯ ದಿನ ಮಧ್ಯಾಹ್ನದವರೆಗೆ ಸಂಘದ ಗೋದಾಮಿನ ಬಳಿ ಇರುತ್ತೇನೆ.