ನೀರು ಕುಡಿಯಿರಿ ಎಂಬ ಉಪದೇಶ

ನಮ್ಮ ಕಾಕಾ ಬಸವಕಲ್ಯಾಣದಿಂದ ದಿನಾ ಬಸ್ ಹಿಡಿದು ಹುಮನಾಬಾದಿನ ಒಂದು ರಾಸಾಯನಿಕ ಕಾರ್ಖಾನೆಗೆ ಹೋಗುತ್ತಾರೆ. ಒಂದು ಸಂಜೆ ಕೆಮ್ಮುತ್ತ ಬಂದು ಹೇಳಿದರು: “ವಾಸನಿ ಭಾಳ ಅದ ಅಂದ್ರ ಸೂಪರ್‌ವೈಸರ್ ಅಂತಾನ, ನೀರು ಜಾಸ್ತಿ ಕುಡಿ, ಬೆಲ್ಲ ತಿನ್ನು, ಎಲ್ಲಾ ಹೊರಗ ಹೋಗ್ತದ.”

ನನಗೆ ಕೈಗಾ ನೆನಪಾಯಿತು.

2009ರ ನವೆಂಬರಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡುಬಂತು. ಹುಡುಕಿದರೆ ಅದು ಸಿಕ್ಕಿದ್ದು ಕುಡಿಯುವ ನೀರಿನ ಕೂಲರಿನಲ್ಲಿ! ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಅದಕ್ಕೆ ಬೆರೆಸಿದ್ದರು. ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಇದು ಒಳಗಿನವರದೇ ದುಷ್ಕೃತ್ಯ ಎಂದರು. ಬಾಧಿತರಿಗೆ ಕೊಟ್ಟ ಚಿಕಿತ್ಸೆ ಹೇರಳ ನೀರು ಮತ್ತು ಮೂತ್ರ ಹೆಚ್ಚಿಸುವ ಔಷಧ.

ಈ ಚಿಕಿತ್ಸೆಯನ್ನು ನಾನು ಹೀಯಾಳಿಸುವುದಿಲ್ಲ. ಟ್ರಿಟಿಯಂ ಹೈಡ್ರೋಜನ್ನಿನದೇ ವಿಕಿರಣಶೀಲ ರೂಪ. ಅದು ನೀರಾಗಿಯೇ ಮೈ ಸೇರುತ್ತದೆ, ಮೈಯೊಳಗಿನ ನೀರಿನಲ್ಲೆಲ್ಲ ಬೆರೆಯುತ್ತದೆ. ಅದರ ಬೀಟಾ ಕಿರಣ ಹೊರಗಿನಿಂದ ಚರ್ಮವನ್ನೂ ದಾಟದು. ಹಾನಿಯೇನಿದ್ದರೂ ಒಳಗೆ ಹೋದಾಗ. ಅದರ ಅರ್ಧಾಯುಷ್ಯ 12.3 ವರ್ಷವಾದರೂ, ಸುಮಾರು 10 ದಿನಕ್ಕೆ ಅರ್ಧದಷ್ಟು ಮೈಯಿಂದ ಹೊರಬೀಳುತ್ತದೆ. ಹೆಚ್ಚು ಕುಡಿದರೆ ಇನ್ನೂ ಬೇಗ. ಇಷ್ಟು ಸತ್ಯ. ಆದರೆ ಅಷ್ಟರೊಳಗೆ ಮೈ ಪಡೆದ ವಿಕಿರಣವನ್ನು ಯಾವ ಚೊಂಬಿನ ನೀರೂ ಮರಳಿ ತೊಳೆಯದು.

ಕೈಗಾದಲ್ಲಿ ಕೆಲಸಗಾರರನ್ನು ಕಾಪಾಡಿದ್ದು ನೀರಿಗಿಂತ ಮೊದಲು ಮೂತ್ರಪರೀಕ್ಷೆ. ಅಲ್ಲಿ ನಿಯಮಿತವಾಗಿ ಅಳೆಯುವ ಪದ್ಧತಿ ಇತ್ತು, ವರ್ಷಕ್ಕೆ 30 ಮಿಲಿಸೀವರ್ಟ್ ಎಂಬ ಮಿತಿ ಇತ್ತು. ಹಾಗಾಗಿ ಇಬ್ಬರು ಆ ಮಿತಿ ದಾಟಿದರೆಂದು ಹೇಳಲಾದರೂ ಬಂತು. ಕೂಲರಿನೊಳಗೆ ಭಾರಜಲ ಸುರಿಯುವಷ್ಟು ಸಲೀಸು ಇದ್ದದ್ದು ಯಾರ ಹೊಣೆ ಎಂಬುದನ್ನು ಮಾತ್ರ ‘ದುಷ್ಕೃತ್ಯ’ ಎಂಬ ಒಂದೇ ಪದ ನುಂಗಿಬಿಟ್ಟಿತು.

ನಮ್ಮ ಕಾಕಾನ ಕಾರ್ಖಾನೆಯಲ್ಲಿ ಅಳತೆಯೇ ಇಲ್ಲ, ಉಪದೇಶ ಮಾತ್ರ ಇದೆ. ಮೂಗಿನಿಂದ ಶ್ವಾಸಕೋಶಕ್ಕಿಳಿಯುವ ರಾಸಾಯನಿಕದ ಆವಿ ಟ್ರಿಟಿಯಂ ಅಲ್ಲ. ಸುಟ್ಟ ಶ್ವಾಸನಾಳ ಮೂತ್ರದಲ್ಲಿ ಹರಿದುಹೋಗುವುದಿಲ್ಲ. ಬೆಲ್ಲದ ಮಾತಂತೂ ಬಿಡಿ, ಅದು ಮಾಸ್ಕಿಗಿಂತ ಅಗ್ಗ ಎಂಬುದೇ ಅದರ ಗುಣ. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಒಂದು ಕಲಮು ಸೇರಿತು: ಅಪಾಯಕಾರಿ ಕೆಲಸ ಮಾಡುವವರ ಆರೋಗ್ಯದ ದಾಖಲೆ ಇಡಬೇಕು, ಅದು ಕೆಲಸಗಾರರ ಕೈಗೂ ಸಿಗಬೇಕು. ಕಾಯಕದ ಹೆಸರು ಹೇಳಿ ಭಾಷಣ ಮಾಡುವ ನಮ್ಮ ಊರಿನಲ್ಲಿ ಕಾಯಕ ಮಾಡುವವನ ಎದೆಯ ಲೆಕ್ಕ ಯಾರ ಬಳಿಯೂ ಇಲ್ಲ.

“ಹಂಗಾರ ನೀರು ಕುಡೀಬ್ಯಾಡ ಅಂತೀಯೇನು?” ಎಂದು ಕಾಕಾ ಕೇಳಿದರು.

“ಕುಡೀರಿ ಕಾಕಾ. ಆದ್ರ ಶೆಡ್ಡಿನ್ಯಾಗ ಗಾಳಿ ಯಾವಾಗ ಪರೀಕ್ಷಾ ಮಾಡೀರಿ, ಕಾಗದ ತೋರಸ್ರಿ ಅಂತ ಕೇಳ್ರಿ.”

“ಕೇಳಿದವನ ಗೇಟ್‌ಪಾಸ್ ಮರುದಿನ ಇರೂದಿಲ್ಲಪ್ಪಾ,” ಎಂದು ನಕ್ಕರು. ನಗುವಿನ ನಡುವೆ ಮತ್ತೆ ಕೆಮ್ಮು ಬಂತು. ಕಾಕು ನೀರು ತಂದು ಕೊಟ್ಟಳು.