ಹಾಡು ಹಾಕಿದರೆ ಸಾಕೇ, ಅರ್ಥ ಹೇಳಬೇಡವೇ?

ನವೆಂಬರ್ ಬಂತೆಂದರೆ ನಮ್ಮ ಟಿ. ದಾಸರಹಳ್ಳಿಯಲ್ಲಿ ಬೆಳಗಿನ ಪಾಳಿಗೆ ಹೊರಟವರ ಕಿವಿಗೂ ರಾತ್ರಿ ಪಾಳಿ ಮುಗಿಸಿ ಮಲಗಿದವರ ಕಿವಿಗೂ ಬೀಳುವುದು ಒಂದೇ ಹಾಡು. 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದು, ರಾಗ ಹಾಕಿ, ಡಾ. ರಾಜ್‌ಕುಮಾರ್ ಹಾಡಿದ ಗೀತೆ. ಮೂವತ್ತು ವರ್ಷ ದಾಟಿದರೂ ರಾಜ್ಯೋತ್ಸವದ ಪೆಂಡಾಲಿನಲ್ಲಿ ಅದರ ಜಾಗವನ್ನು ಬೇರೊಂದು ಹಾಡು ಕಿತ್ತುಕೊಂಡಿಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಅದಕ್ಕೆ ಎದ್ದು ನಿಲ್ಲುತ್ತೇವೆ, ಈ ಸಿನಿಮಾ ಹಾಡಿಗೆ ಕುಣಿಯುತ್ತೇವೆ. ನಾಡಿಗೆ ಎರಡೂ ಬೇಕು.

ನಾನು ಡಿಪ್ಲೊಮಾ ಮುಗಿಸಿ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಟ್ರೈನಿ. ಸಂಜೆ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದು. ನಮ್ಮಲ್ಲಿ ರಾಯಚೂರು, ಕಲಬುರಗಿ ಕಡೆಯವರಿದ್ದಾರೆ. ಬಿಹಾರ, ಒಡಿಶಾದವರೂ ಇದ್ದಾರೆ. ಕಳೆದ ರಾಜ್ಯೋತ್ಸವದಂದು ಮಷಿನ್‌ಗಳ ನಡುವೆ ಬಾವುಟ ಕಟ್ಟಿ ಅದೇ ಹಾಡು ಹಾಕಿದೆವು. ಪಕ್ಕದ ಲೇತ್‌ನಲ್ಲಿ ಕೆಲಸ ಮಾಡುವ ಒಡಿಶಾದ ಹುಡುಗ ಪಲ್ಲವಿಯನ್ನು ತಪ್ಪಿಲ್ಲದೆ ಹಾಡಿದ. ಶಿಳ್ಳೆ, ಚಪ್ಪಾಳೆ ಬಿದ್ದವು.

ಊಟದ ಹೊತ್ತಿಗೆ ಬಂದು ಹಾಡಿನ ಅರ್ಥವೇನೆಂದು ಹಿಂದಿಯಲ್ಲಿ ಕೇಳಿದ. ಈ ನಾಡಿನಲ್ಲಿ ಜನಿಸುವುದೇ ಭಾಗ್ಯ ಎಂಬ ಭಾವ ಅದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹುಟ್ಟಿದ್ದು ಗಂಜಾಂನಲ್ಲಿ. ಹಾಗಾದರೆ ಇದು ನನ್ನ ಹಾಡಲ್ಲವಾ?” ಎಂದ. ತಮಾಷೆ ಮಾಡಿ ತಪ್ಪಿಸಿಕೊಳ್ಳಲು ನೋಡಿದೆ. ಅವನು ನಗಲಿಲ್ಲ.

ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ. ಆ ಹಾಡಿಗೆ ದನಿಯಾದ ರಾಜ್‌ಕುಮಾರ್ ಅವರ ಗಾಜನೂರೇ ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ರಾಜ್‌ಕುಮಾರ್ ಅವರಿಗೆ ತೆರೆಯ ಮೇಲೆ ಹಾಡಿನ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. ತೆಲುಗು ಮನೆಮಾತಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಮುಂದಿನ ಜನ್ಮವಿದ್ದರೆ ಕನ್ನಡಿಗನಾಗಿ ಹುಟ್ಟಬೇಕೆಂದು ವೇದಿಕೆಗಳಲ್ಲಿ ಹೇಳಿಕೊಂಡವರು. ಹುಟ್ಟಿದೂರು ಕೇಳಿ ಒಳಗೆ ಬಿಡುವ ಪದ್ಧತಿ ಇದ್ದಿದ್ದರೆ ನಮ್ಮ ರಾಜ್ಯೋತ್ಸವದಲ್ಲಿ ಹಾಕಲು ಹಾಡುಗಳೇ ಉಳಿಯುತ್ತಿರಲಿಲ್ಲ! ಮರುದಿನ ಅವನಿಗೆ ಇದನ್ನೇ ಹೇಳಿದೆ.

ಆದರೆ ನಾವು ಬೀದಿಯಲ್ಲಿ ಮಾಡುವುದೇನು? ಹಾಡಿನ ಅರ್ಥ ತಿಳಿಸುವ ಬದಲು ವಾಲ್ಯೂಮ್ ಏರಿಸುತ್ತೇವೆ. ಹಾಗೆ ಏರಿಸಿದ ಹುಡುಗರಲ್ಲಿ ನಾನೂ ಒಬ್ಬ. ಎರಡು ವರ್ಷದ ಹಿಂದೆ ರಾತ್ರಿ ಹನ್ನೊಂದಕ್ಕೆ ಎದುರು ಮನೆಯ ಆಂಟಿ ಬಂದು, “ಮಗಳಿಗೆ ಬೆಳಿಗ್ಗೆ ಪರೀಕ್ಷೆ ಕಣಪ್ಪ” ಅಂದಿದ್ದರು. “ಕನ್ನಡದ ಹಾಡು ಆಂಟಿ, ವರ್ಷಕ್ಕೊಂದು ದಿನ” ಎಂದು ಸಾಗಹಾಕಿದ್ದು ನಾನೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಉತ್ಸವಗಳಿಗಾಗಿ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಅವತ್ತು ನಾವು ಅನುಮತಿ ಕೇಳಿಯೂ ಇರಲಿಲ್ಲ.

“ಹೊರಗಿನವರೇ ತುಂಬಿರುವ ಏರಿಯಾದಲ್ಲಿ ಇಷ್ಟಾದರೂ ಜೋರಾಗಿ ಕನ್ನಡ ಕೇಳಿಸಬೇಡವೇ?” ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಿ ಕೆಲಸ ಕಳೆದುಕೊಂಡು ಬಂದ ನನಗೂ ಅದು ಗೊತ್ತು. ಆದರೆ ನಮ್ಮೂರಲ್ಲೇ ನಮ್ಮ ಭಾಷೆಗೆ ಬೆಲೆಯಿಲ್ಲ ಎಂಬ ನೋವಿಗೆ ಸ್ಪೀಕರ್ ಮದ್ದಲ್ಲ. ಎಷ್ಟೇ ಜೋರಾಗಿ ಹಾಕಿದರೂ ಅದರಿಂದ ಕನ್ನಡ ಮಾತಾಡುವವರು ಒಬ್ಬರೂ ಹೆಚ್ಚುವುದಿಲ್ಲ. ಅದೇ ಹಾಡನ್ನು ಬಾಯಿಪಾಠ ಮಾಡಿಕೊಂಡವನಿಗೆ ಅದರ ಒಂದೊಂದು ಪದ ಬಿಡಿಸಿ ಹೇಳಿದರೆ ಹೆಚ್ಚಬಹುದು. ರಾಗ ಅವನಿಗೆ ಆಗಲೇ ಬಂದಿದೆ, ಅರ್ಧ ಕೆಲಸ ಸಿನಿಮಾದವರೇ ಮಾಡಿಕೊಟ್ಟಿದ್ದಾರೆ. ಉಳಿದರ್ಧ ನಮ್ಮದು.

ನಾವು ಶುರು ಮಾಡಿದ್ದು ಊಟದ ನಂತರದ ಹತ್ತು ನಿಮಿಷದಲ್ಲಿ. ದಿನಕ್ಕೆ ಹಾಡಿನ ಒಂದು ಸಾಲು. ಅವನು ಅದನ್ನು ಒಡಿಯಾ ಅಕ್ಷರದಲ್ಲಿ ಬರೆದುಕೊಳ್ಳುತ್ತಾನೆ, ನಾನು ಅರ್ಥ ಹೇಳುತ್ತೇನೆ. ಹೇಳಲು ಹೋಗಿ ನಾನೇ ಎರಡು ಸಲ ನಿಘಂಟು ನೋಡಬೇಕಾಯಿತು! ಈಗ ಗೇಟಿನ ಪಕ್ಕದ ಅಂಗಡಿಯಲ್ಲಿ “ಅಣ್ಣಾ, ಎರಡು ಟೀ ಕೊಡಿ” ಎನ್ನುವುದು ಅವನೇ. ನನಗೂ ಒಡಿಯಾದ ನಾಲ್ಕು ಮಾತು ಬರುತ್ತದೆ.

ಗೆಳೆಯರೇ, ಮುಂದಿನ ನವೆಂಬರ್ 1ರಂದು ನಿಮ್ಮ ಕಾಲೇಜಿನಲ್ಲೋ ಬೀದಿಯಲ್ಲೋ ಹಾಡು ಹಾಕುವ ಮುನ್ನ ಅದರ ಅರ್ಥವನ್ನು ಎರಡು ನಿಮಿಷ ಹೇಳಿ. ಕನ್ನಡ ಕಲಿಯುತ್ತಿರುವ ಒಬ್ಬರ ಕೈಗೆ ಮೈಕ್ ಕೊಡಿ. ಹತ್ತು ಗಂಟೆಗೆ ನಿಲ್ಲಿಸಿ. ನಮ್ಮ ಬೀದಿಯಲ್ಲಿ ಈ ಸಲ ಸ್ವಿಚ್ ಆಫ್ ಮಾಡುವ ಕೆಲಸ ನಾನೇ ಕೇಳಿ ವಹಿಸಿಕೊಂಡಿದ್ದೇನೆ. ಎದುರು ಮನೆಯ ಆಂಟಿಗೂ ಹೇಳಿ ಬಂದಿದ್ದೇನೆ.